ಕತ್ತಲ ಕೋಣೆಯ ಮೊಳಕೆ: ಉಡುಮಲೈಪೇಟೆಯ ಮುಳೈಪ್ಪಾರಿಯೂ ನಮ್ಮ ಅಡುಗೆಮನೆಯ ತಟ್ಟೆಯೂ

ತಂದೆಯವರು ತೀರಿಕೊಂಡ ಮರುವರ್ಷ ಉಮ್ಮ ನಮ್ಮ ಜೊತೆ ಉಡುಮಲೈಪೇಟೆಗೆ ಬಂದು ನೆಲೆಸಿದರು. ನಾನು ಕೊಬ್ಬರಿ ವ್ಯಾಪಾರಕ್ಕೆಂದು ಈ ಕಡೆ ಬಂದು ಆಗ ಏಳೆಂಟು ವರ್ಷವಾಗಿತ್ತು. ನನಗೆ ತಮಿಳು ನಾಲಿಗೆಗೆ ಹತ್ತಿತ್ತು, ಮಕ್ಕಳಿಗೆ ಅದೇ ಶಾಲೆಯ ಭಾಷೆ. ಉಮ್ಮನಿಗೆ ಗೊತ್ತಿದ್ದದ್ದು ಬ್ಯಾರಿ, ತುಳು, ಕನ್ನಡ. ಮನೆಯ ಹೊರಗೆ ಅವರಿಗೆ ಮಾತೇ ಇರಲಿಲ್ಲ. ದಿನವಿಡೀ ಕಿಟಕಿಯ ಬಳಿ ಕುಳಿತು ಗಾಳಿ ನೋಡುತ್ತಿದ್ದರು. ಗಾಳಿಯನ್ನು ನೋಡುವುದು ಎಂದರೆ ಉಡುಮಲೈಪೇಟೆ ಕಂಡವರಿಗೆ ಅರ್ಥವಾಗುತ್ತದೆ. ಪಾಲಕ್ಕಾಡ್ ಕಣಿವೆಯ ಸಂದಿನಿಂದ ನುಗ್ಗುವ ಗಾಳಿ ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಬಿಡುವಿಲ್ಲದೆ ಬೀಸುತ್ತದೆ. ಅದಕ್ಕೇ ಇಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ. ಆದರೆ ಗಾಳಿಯ ಜೊತೆ ಬರಬೇಕಾದ ಮಳೆ ಆನೈಮಲೆಯ ಆಚೆಗೇ ಸುರಿದು ಮುಗಿದಿರುತ್ತದೆ. ಈ ಊರಿಗೆ ಮಳೆ ಬರುವುದು ಹೆಚ್ಚಾಗಿ ಅಕ್ಟೋಬರ್, ನವೆಂಬರಿನಲ್ಲಿ.

2020ರ ಜೂನ್‌ನಲ್ಲಿ, ಎಲ್ಲರೂ ಮನೆಯೊಳಗೇ ಇದ್ದ ಆ ವರ್ಷದಲ್ಲಿ, ಉಮ್ಮ ಒಂದು ದಿನ ಕೇಳಿದರು: “ಇಲ್ಲಿ ತಜಂಕ್ ಆಗುವುದೇ ಇಲ್ಲವಾ?” ನಮ್ಮ ಕಡೆಯವರಿಗೆ ತಜಂಕಿನ ಬಗ್ಗೆ ಹೇಳಬೇಕಾಗಿಲ್ಲ. ಮೊದಲ ಮಳೆ ಬಿದ್ದ ಮೇಲೆ ದಾರಿಬದಿಯಲ್ಲಿ, ಗುಡ್ಡದ ಬುಡದಲ್ಲಿ ತಾನಾಗಿ ಏಳುವ ಸಸಿ. ಎರಡು ಎಲೆ, ನಾಲ್ಕು ಎಲೆ ಇರುವಾಗಲೇ ಚಿವುಟಿ ತಂದು, ಹಲಸಿನ ಬೀಜ ಹಾಕಿ ಪಲ್ಯ ಮಾಡಬೇಕು. ಬಲಿತರೆ ಕಹಿ, ಯಾರೂ ಮುಟ್ಟುವುದಿಲ್ಲ. ಆಟಿಯ ಬಡತನದ ದಿನಗಳಲ್ಲಿ ಅದೇ ತರಕಾರಿ.

ತಜಂಕ್ ತಂದುಕೊಡಲು ನನ್ನಿಂದ ಆಗಲಿಲ್ಲ. ಆದರೆ ಮಗಳು ಫೋನಿನಲ್ಲಿ ನೋಡಿ, ಮನೆಯೊಳಗೇ ತಟ್ಟೆಯಲ್ಲಿ ಸಸಿ ಬೆಳೆಸಿ ಎಳೆಯದಾಗಿ ಕತ್ತರಿಸಿ ತಿನ್ನಬಹುದು, ಅದಕ್ಕೆ ಮೈಕ್ರೋಗ್ರೀನ್ಸ್ ಎನ್ನುತ್ತಾರೆ ಎಂದಳು. ಪರವಾಗಿಲ್ಲ, ಅದನ್ನೇ ಮಾಡೋಣ ಎಂದು ಹೊರಟೆವು. ಎರಡು ಪ್ಲಾಸ್ಟಿಕ್ ತಟ್ಟೆ, ಅಡುಗೆಮನೆಯ ಡಬ್ಬದ ಮೆಂತೆ, ನಮ್ಮ ಗೋದಾಮಿನ ಪಕ್ಕದ ಕಣದಿಂದ ಒಂದು ಚೀಲ ತೆಂಗಿನ ನಾರಿನ ಹುಡಿ. ಈ ಊರಲ್ಲಿ ಎಲ್ಲಿ ಕಾಲಿಟ್ಟರೂ ಸಿಗುವ ವಸ್ತು ಅದು. ಮೆಂತೆಯನ್ನು ರಾತ್ರಿ ನೆನೆಸಿ, ಹುಡಿಯ ಮೇಲೆ ಹರಡಿ, ಇನ್ನೊಂದು ತಟ್ಟೆ ಕವುಚಿ ಮುಚ್ಚಿಟ್ಟೆವು. ಐದು ದಿನ ಕಳೆದರೂ ಅಲ್ಲೊಂದು ಇಲ್ಲೊಂದು ಮೊಳಕೆ. ಕಾಲು ಭಾಗವೂ ಬರಲಿಲ್ಲ. ಬಂದದ್ದರ ಬೇರಿನ ತುದಿ ಕಂದಿತ್ತು.

ಆ ತಟ್ಟೆಯನ್ನು ಜಗಲಿಯಲ್ಲಿಟ್ಟು ನೋಡುತ್ತಾ ಕುಳಿತಿದ್ದಾಗ ಎದುರು ಮನೆಯ ಅಜ್ಜಿ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೇಟಿನ ಬಳಿ ನಿಂತರು. “ಏನು ಅಮ್ಮಣಿ, ಈಗಲೇ ಮುಳೈಪ್ಪಾರಿ ಇಟ್ಟಿದ್ದೀರಾ? ಇನ್ನೂ ಆಡಿ ಹುಟ್ಟಿಲ್ಲವಲ್ಲ!”

ಅವರು ಹೇಳಿದ್ದು ಕನ್ನಡದಲ್ಲಿ. ನಮ್ಮ ಕನ್ನಡದಂತಲ್ಲ, ತಮಿಳು ಬೆರೆತ, ಎಲ್ಲೋ ಹಳೆಯದಾಗಿ ಕೇಳಿಸುವ ಕನ್ನಡ. ನಾವು ಒಳಗೆ ಮಾತಾಡುವುದನ್ನು ಅವರು ಎಷ್ಟು ದಿನದಿಂದ ಕೇಳಿಸಿಕೊಳ್ಳುತ್ತಿದ್ದರೋ. ಉಮ್ಮ ಎದ್ದು ನಿಂತರು. ಎರಡು ವರ್ಷದಲ್ಲಿ ಈ ಊರಿನವರೊಬ್ಬರು ಅವರಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅಜ್ಜಿಯ ಮನೆತನ ಅನುಪ್ಪರದು. ಕೊಯಮತ್ತೂರು, ಮಧುರೈ, ತಿರುನೆಲ್ವೇಲಿ ಜಿಲ್ಲೆಗಳಲ್ಲಿ ಹರಡಿರುವ, ಮನೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಸಮುದಾಯ ಎಂದು 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಇವರ ಹೆಸರಿದೆ. ಉಡುಮಲೈಪೇಟೆ ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ತಿರುಪ್ಪೂರು ಬೇರೆ ಜಿಲ್ಲೆಯಾದದ್ದು 2009ರಲ್ಲಿ. ಅಜ್ಜಿಗೆ ಕನ್ನಡ ಓದಲು ಬರುವುದಿಲ್ಲ, ಓದುವುದೆಲ್ಲ ತಮಿಳು. ಬ್ಯಾರಿಯನ್ನು ಮನೆಯಲ್ಲಿ ಮಾತಾಡಿ ಕನ್ನಡದಲ್ಲಿ ಬರೆಯುವ ನಮಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ಮುಳೈಪ್ಪಾರಿ ಎಂದರೇನು ಎಂದು ಅವತ್ತು ಗೇಟಿನ ಈಚೆ ಆಚೆ ನಿಂತೇ ಕೇಳಿ ತಿಳಿದೆವು. ತಮಿಳಿನ ಮುಳೈ, ಕನ್ನಡದ ಮೊಳೆ, ಮೊಳಕೆ ಎಲ್ಲ ಒಂದೇ ಬೇರಿನ ಮಾತುಗಳು. ಮಾರಿಯಮ್ಮನ ಹಬ್ಬಕ್ಕೋ, ಆಡಿ ತಿಂಗಳ ಹದಿನೆಂಟಕ್ಕೋ, ಗುಡಿಯ ಕುಂಭಾಭಿಷೇಕಕ್ಕೋ ಏಳರಿಂದ ಹತ್ತು ದಿನ ಮೊದಲು ಹೆಂಗಸರು ಮಣ್ಣಿನ ಮಡಕೆ ಅಥವಾ ಬುಟ್ಟಿ ತೆಗೆದುಕೊಳ್ಳುತ್ತಾರೆ. ಅಡಿಯಲ್ಲಿ ಹುಲ್ಲು, ಮೇಲೆ ಕೆಂಪು ಮಣ್ಣು, ಒಣಗಿಸಿ ಪುಡಿ ಮಾಡಿದ ಸಗಣಿ. ನೆನೆಸಿದ ಧಾನ್ಯಗಳನ್ನು ಅದರ ಮೇಲೆ ಒತ್ತಾಗಿ ಬಿತ್ತಿ ಕಿಟಕಿಯಿಲ್ಲದ ಕತ್ತಲ ಕೋಣೆಯಲ್ಲಿ ಇಡುತ್ತಾರೆ. ದಿನಾ ನೀರು ಚಿಮುಕಿಸಲು ಒಬ್ಬರೋ ಇಬ್ಬರೋ ಮಾತ್ರ ಒಳಗೆ ಹೋಗುವುದು. ಸಂಜೆ ಹೊರಗೆ ಸುತ್ತು ನಿಂತು ಕುಮ್ಮಿ ಹೊಡೆಯುತ್ತಾರೆ, ಅಂದರೆ ಚಪ್ಪಾಳೆ ತಟ್ಟಿ ಹಾಡುತ್ತಾ ಕುಣಿಯುವುದು. ಹಬ್ಬದ ದಿನ ಮಡಕೆಗಳು ಹೊರಗೆ ಬರುತ್ತವೆ. ಬೆಳಕು ಕಾಣದೆ ಬೆಳೆದ ಸಸಿಗಳು ಗೇಣುದ್ದ ಎದ್ದು, ಬೆಣ್ಣೆಯಂಥ ಹಳದಿ ಬಣ್ಣದಲ್ಲಿ ನಿಂತಿರುತ್ತವೆ. ಅವನ್ನು ತಲೆಯ ಮೇಲೆ ಹೊತ್ತು ಮೆರವಣಿಗೆಯಲ್ಲಿ ಹೋಗಿ ಕೊನೆಗೆ ಕೆರೆಗೋ ಹೊಳೆಗೋ ಬಿಡುತ್ತಾರೆ.

ಇದು ಎಷ್ಟು ಹಳೆಯದು ಎಂದು ಆಮೇಲೆ ಓದಿ ನೋಡಿದೆ. ಶಿಲಪ್ಪದಿಕಾರಂನ ಮೊದಲ ಭಾಗದಲ್ಲಿ ಕೋವಲನ್ ಮತ್ತು ಕಣ್ಣಗಿಯ ಮದುವೆ ಬರುತ್ತದೆ. ಅಲ್ಲಿ ದೀಪ, ಪಾತ್ರೆಗಳ ಜೊತೆಗೆ ಮೊಳಕೆಯೆದ್ದ ಪಾಲಿಕೆ ಕುಂಡಗಳನ್ನು ಹಿಡಿದ ಹೆಂಗಸರೂ ಇದ್ದಾರೆ. ಆಗಮ ಪದ್ಧತಿಯ ಗುಡಿಗಳಲ್ಲಿ ಉತ್ಸವಕ್ಕೆ ಮೊದಲು ನಡೆಯುವ ಅಂಕುರಾರ್ಪಣೆಯೂ ಇದೇ. ತಿರುಪತಿಯ ಬ್ರಹ್ಮೋತ್ಸವ ಶುರುವಾಗುವ ಹಿಂದಿನ ಸಂಜೆ ಮಣ್ಣು ತಂದು ಪಾಲಿಕೆಗಳಲ್ಲಿ ನವಧಾನ್ಯ ಬಿತ್ತುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ನವರಾತ್ರಿಗೆ ಘಟ ಹಾಕುವಾಗ ಮಣ್ಣಿನಲ್ಲಿ ಕಾಳು ಹಾಕಿ ಒಂಬತ್ತು ದಿನ ಮೊಳಕೆ ನೋಡುವುದೂ ಅದರ ನೆಂಟಸ್ತಿಕೆಯದೇ.

ಇನ್ನೂ ದೂರ ಹೋದರೆ ಗ್ರೀಸ್. ಅಥೆನ್ಸಿನ ಹೆಂಗಸರು ಅಡೋನಿಸ್ ಎಂಬ ದೇವತೆಯ ಹಬ್ಬಕ್ಕೆ ಒಡೆದ ಮಡಕೆ, ಬುಟ್ಟಿಗಳಲ್ಲಿ ಗೋಧಿ, ಬಾರ್ಲಿ, ಲೆಟಿಸ್, ಸೋಂಪಿನ ಬೀಜ ಬಿತ್ತಿ ಕೆಲವು ದಿನ ಬೆಳೆಸಿ, ಬಾಡಿದ ಮೇಲೆ ಸಮುದ್ರಕ್ಕೋ ಬುಗ್ಗೆಗೋ ಎಸೆಯುತ್ತಿದ್ದರು. ಜೇಮ್ಸ್ ಫ್ರೇಜರ್ ತನ್ನ ‘ದಿ ಗೋಲ್ಡನ್ ಬೌ’ ಗ್ರಂಥದಲ್ಲಿ ಈ ಪದ್ಧತಿಯನ್ನು ವಿವರವಾಗಿ ಬರೆದು, ಭಾರತದ ಒರಾಂವ್ ಮತ್ತು ಮುಂಡಾ ಜನರ ಬಾರ್ಲಿ ಸಸಿಗಳನ್ನೂ, ಉದಯಪುರದ ಗೌರಿ ಹಬ್ಬವನ್ನೂ ಅದರ ಪಕ್ಕ ಇಟ್ಟಿದ್ದಾನೆ. ಬೆಳೆ ಚೆನ್ನಾಗಿ ಬರಲೆಂದು ಮಾಡುವ ಮಾಟದಂಥ ಆಚರಣೆ ಎಂಬುದು ಅವನ ತೀರ್ಮಾನ.

ಇದೇ ಬುಟ್ಟಿಗಳ ಬಗ್ಗೆ ಕ್ರಿಸ್ತಪೂರ್ವ 4ನೇ ಶತಮಾನದ ಪ್ಲೇಟೋ ಒಂದು ಕುಹಕದ ಮಾತು ಬರೆದಿದ್ದಾನೆ. ಅವನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸ್ ಕೇಳುತ್ತಾನೆ: ಬುದ್ಧಿಯುಳ್ಳ ರೈತ ತನಗೆ ಬೇಕಾದ ಬೀಜವನ್ನು ಎಂಟು ದಿನದಲ್ಲಿ ಚೆಂದ ಕಾಣುವ ಬುಟ್ಟಿಗೆ ಹಾಕಿ ಖುಷಿ ಪಡುತ್ತಾನೆಯೇ, ತಕ್ಕ ಹೊಲದಲ್ಲಿ ಬಿತ್ತಿ ಎಂಟು ತಿಂಗಳು ಕಾಯುತ್ತಾನೆಯೇ? ಬುಟ್ಟಿಯದು ಆಟ, ಹೊಲದ್ದು ನಿಜ ಎಂಬ ಅರ್ಥ. ಆ ಮಾತನ್ನು ನಾನು ಅಜ್ಜಿಗೆ ಹೇಳಿದೆ. ಯಾರು ಹೇಳಿದ್ದು ಎಂದು ಅವರು ಕೇಳಲಿಲ್ಲ. “ಅವನು ಹೊಲ ಮಾಡಿದವನಲ್ಲ ಕಣ್ಣು” ಎಂದರು.

ಅವರ ಲೆಕ್ಕ ಬೇರೆ. ಆಡಿಯಲ್ಲಿ ಸಮಯ ನೋಡಿ ಬಿತ್ತು ಎಂಬ ಗಾದೆ ತಮಿಳಿನಲ್ಲಿದೆ. ಬಿತ್ತನೆಗೆ ಮೊದಲು ಹೋದ ವರ್ಷ ಕೂಡಿಟ್ಟ ಬೀಜ ಜೀವಂತವಾಗಿದೆಯೇ, ಹುಳ ತಿಂದಿದೆಯೇ, ತೇವ ಹಿಡಿದಿದೆಯೇ ಎಂದು ತಿಳಿಯಬೇಕು. ಹೊಲಕ್ಕೆ ಹಾಕಿದ ಮೇಲೆ ತಿಳಿದರೆ ಹಂಗಾಮು ಹೋಯಿತು. ಮುಳೈಪ್ಪಾರಿಯ ಮಡಕೆಗೆ ಅವರ ಅತ್ತೆ ಅಂಗಡಿಯ ಕಾಳು ಹಾಕಲು ಬಿಡುತ್ತಿರಲಿಲ್ಲವಂತೆ. ಮನೆಯ ಬೀಜದ ಮಡಕೆಯಿಂದಲೇ ತೆಗೆದ ಕಾಳು ಬೇಕು. ಮೆರವಣಿಗೆಯ ದಿನ ಊರಿನ ಎಲ್ಲ ಮನೆಗಳ ಬೀಜ ಸಾಲಾಗಿ ಎಲ್ಲರ ಕಣ್ಣೆದುರು ನಡೆದುಹೋಗುತ್ತದೆ. ಯಾರ ಮನೆಯ ಕಂಬು ಒತ್ತಾಗಿ ಎದ್ದಿದೆ, ಯಾರ ಅವರೆ ಕೊಳೆತಿದೆ ಎಂದು ಹೇಳಲು ಬೇರೆ ಮಾತು ಬೇಕಿರಲಿಲ್ಲ. ಹಬ್ಬ ಮುಗಿದ ಮಾರನೆ ದಿನ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋಗಿ ಬೀಜ ಬದಲಾಯಿಸಿಕೊಳ್ಳುತ್ತಿದ್ದರು.

ಒಂಬತ್ತು ಬಗೆ ಒಂದೇ ಮಡಕೆಯಲ್ಲಿ ಬೆರೆತರೆ ಯಾವುದು ಬಂತು, ಯಾವುದು ಬರಲಿಲ್ಲ ಎಂದು ಹೇಗೆ ತಿಳಿಯುವುದು ಎಂದು ನಾನು ವಾದ ಮಾಡಿದೆ. ಅಜ್ಜಿ ನಕ್ಕರು. ಜೋಳ, ಭತ್ತದ ಮೊಳಕೆ ಸೂಜಿಯಂತೆ ಒಂಟಿಯಾಗಿ ಬರುತ್ತದೆ. ಅವರೆ ತನ್ನ ಬೇಳೆಯನ್ನೇ ತಲೆಯ ಮೇಲೆ ಹೊತ್ತು ಮೇಲೇಳುತ್ತದೆ. ಕಡಲೆ ಬೇಳೆಯನ್ನು ಮಣ್ಣಲ್ಲೇ ಬಿಟ್ಟು ಬರುತ್ತದೆ. ಗುರುತು ಸಿಗದಿರುವುದು ಹೇಗೆ? ಹಬ್ಬ ಹುಟ್ಟಿದ್ದೇ ಬೀಜ ಪರೀಕ್ಷೆಗೆ ಎಂದು ನಾನು ಹೇಳುವುದಿಲ್ಲ. ಭಕ್ತಿಯಿಂದ ಮಾಡುವವರ ಕೆಲಸಕ್ಕೆ ಹೊರಗಿನವನೊಬ್ಬ ಉಪಯೋಗದ ಕಾರಣ ಹುಡುಕಿ ಅಂಟಿಸುವುದು ಸರಿಯಲ್ಲ. ಆದರೆ ಆ ಮನೆಯ ಹೆಂಗಸರು ಅದನ್ನು ಹಾಗೂ ಬಳಸುತ್ತಿದ್ದರು, ಅಷ್ಟು ಖಂಡಿತ.

ಇದೇ ಕೆಲಸವನ್ನು ಯುರೋಪಿನಲ್ಲಿ ವಿಜ್ಞಾನವಾಗಿ ಶುರುಮಾಡಿದವನು ಫ್ರೀಡ್ರಿಕ್ ನೊಬ್ಬೆ. ಮಾರುಕಟ್ಟೆಯಲ್ಲಿ ರೈತರಿಗೆ ಸಿಗುವ ಬೀಜದಲ್ಲಿ ಕಲಬೆರಕೆ, ಸತ್ತ ಕಾಳು ತುಂಬಿವೆ ಎಂದು ಕಂಡು 1869ರಲ್ಲಿ ಜರ್ಮನಿಯ ತರಾಂಟ್ ಎಂಬ ಊರಲ್ಲಿ ಅವನು ಬೀಜ ಪರೀಕ್ಷಾ ಕೇಂದ್ರ ತೆರೆದ. ಅಲ್ಲಿಂದ ಹರಡಿದ ಪದ್ಧತಿ ಇಂದಿಗೂ ನಡೆಯುತ್ತಿದೆ. ನಾಲ್ಕು ನೂರು ಬೀಜ ಎಣಿಸಿ, ಒದ್ದೆ ಕಾಗದದ ಮೇಲೆ ಅಥವಾ ಮರಳಿನಲ್ಲಿ ಇಟ್ಟು, ಸರಿಯಾಗಿ ಮೊಳೆತದ್ದನ್ನು ಲೆಕ್ಕ ಹಾಕುವುದು. ನಮ್ಮ ದೇಶದಲ್ಲಿ 1966ರ ಬೀಜ ಕಾಯ್ದೆ ಬಂದ ಮೇಲೆ ಚೀಟಿಯ ಮೇಲೆ ಮೊಳಕೆಯ ಪ್ರಮಾಣ ಬರೆಯುವುದು ಕಡ್ಡಾಯವಾಯಿತು. ಭತ್ತಕ್ಕೆ ಕನಿಷ್ಠ ಶೇಕಡಾ 80, ಹೆಸರಿಗೆ 75, ಹತ್ತಿಗೆ 65. ಒಳ್ಳೆಯದೇ. ಮನೆಯಲ್ಲಿ ಕೂಡಿಟ್ಟ ಬೀಜ ಹೋಗಿ ಚೀಟಿ ಅಂಟಿಸಿದ ಚೀಲ ಬಂದ ಮೇಲೆ ಕತ್ತಲ ಕೋಣೆಯ ಮಡಕೆಗೆ ಆ ಕೆಲಸ ಉಳಿಯಲಿಲ್ಲ. ಈಗ ಅದಕ್ಕೂ ನವಧಾನ್ಯದ ಪೊಟ್ಟಣ ಅಂಗಡಿಯಲ್ಲೇ ಸಿಗುತ್ತದೆ.

ನಮ್ಮ ಮೆಂತೆಯ ತಟ್ಟೆಗೆ ಅಜ್ಜಿ ಮಾಡಿದ್ದು ಇಷ್ಟು. ಡಬ್ಬದಿಂದ ಇಪ್ಪತ್ತು ಕಾಳು ಎಣಿಸಿ ತೆಗೆದು, ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ, ತಟ್ಟೆ ಮುಚ್ಚಿ ಒಲೆಯ ಹಿಂದೆ ಇಟ್ಟರು. ಮೂರನೆಯ ದಿನ ಬಿಚ್ಚಿ ಉಮ್ಮನ ಕೈಯಲ್ಲೇ ಎಣಿಸಿದರು. ಹದಿನೇಳು ಮೊಳೆತಿದ್ದವು. “ಬೀಜದ ತಪ್ಪಿಲ್ಲ. ನಿಮ್ಮ ಮಣ್ಣಿನ ತಪ್ಪು.”

ಮಣ್ಣಿನ ಕಥೆ ಹೇಳಬೇಕಾದರೆ ಈ ನೆಲದ ಕಥೆ ಹೇಳಬೇಕು. ಅಜ್ಜಿ ಮದುವೆಯಾಗಿ ಬಂದಾಗ ಅವರ ಹೊಲದಲ್ಲಿ ಜೋಳ, ಕಂಬು, ಹುರುಳಿ, ಅವರೆ, ಹತ್ತಿ. ಮಡಕೆಗೆ ಹಾಕುವ ಹೆಚ್ಚಿನ ಕಾಳು ಸುತ್ತಲಿನ ಹೊಲಗಳಲ್ಲೇ ಇದ್ದವು. 1957ರಲ್ಲಿ ಅಮರಾವತಿ ಅಣೆಕಟ್ಟು ಮುಗಿಯಿತು. ಆಮೇಲೆ ಪರಂಬಿಕ್ಕುಳಂ–ಆಳಿಯಾರ್ ಯೋಜನೆ. ತಮಿಳುನಾಡು ಮತ್ತು ಕೇರಳದ ನಡುವಿನ ಅದರ ಒಪ್ಪಂದಕ್ಕೆ 1970ರಲ್ಲಿ ಸಹಿ ಬಿದ್ದು 1958ರಿಂದಲೇ ಅನ್ವಯವಾಯಿತು. ಪಶ್ಚಿಮಕ್ಕೆ ಹರಿಯುವ ನೀರನ್ನು ತಿರುಮೂರ್ತಿ ಮಲೆಯ ಬುಡದ ಅಣೆಕಟ್ಟಿಗೆ ತಂದು, ಕಾಲುವೆಯ ಜಮೀನನ್ನು ನಾಲ್ಕು ಭಾಗ ಮಾಡಿ ಸರದಿಯಂತೆ ಬಿಡುತ್ತಾರೆ. ನೀರು ಬಂತು, ಕೊಳವೆಬಾವಿ ಬಂತು, ಆಳುಗಳು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೋದರು. ಆಳು ಬೇಡದ ಬೆಳೆ ತೆಂಗು. ಇವತ್ತು ಪೊಳ್ಳಾಚಿಯಿಂದ ಉಡುಮಲೈಪೇಟೆಯವರೆಗೆ ಬಸ್ಸಿನಲ್ಲಿ ಕುಳಿತರೆ ಕಿಟಕಿಯಲ್ಲಿ ಕಾಣುವುದು ಅದೇ. ನನ್ನ ಅನ್ನವೂ ಅದರಿಂದಲೇ, ದೂರುವ ಹಕ್ಕು ನನಗಿಲ್ಲ. ತೆಂಗಿಲ್ಲದ ಕಡೆ ಮೆಕ್ಕೆಜೋಳ. ಅದರ ಬಿತ್ತನೆ ಬೀಜಕ್ಕೆ ಗುಲಾಬಿ ಬಣ್ಣದ ಔಷಧ ಲೇಪಿಸಿರುತ್ತಾರೆ. ಮನೆಯ ತಟ್ಟೆಗೆ ಅಂಥ ಬೀಜವನ್ನು ಯಾರೂ ತಪ್ಪಿಯೂ ಹಾಕಬಾರದು. ತಿನ್ನಲು ಬೆಳೆಸುವುದಕ್ಕೆ ಅಡುಗೆಯ ಕಾಳು, ಇಲ್ಲವೇ ಔಷಧ ಹಾಕಿಲ್ಲ ಎಂದು ಬರೆದಿರುವ ಬೀಜವೇ ಆಗಬೇಕು.

ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಹುಡಿ ಮೊದಲು ಯಾರಿಗೂ ಬೇಡದ ಕಸವಾಗಿತ್ತು. ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ಬೇಗ ಕೊಳೆಯುವುದಿಲ್ಲ, ದನ ತಿನ್ನುವುದಿಲ್ಲ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ಅಣಬೆ ಬೀಜ ಮತ್ತು ಯೂರಿಯಾ ಸೇರಿಸಿ ಅದನ್ನು ಗೊಬ್ಬರ ಮಾಡುವ ದಾರಿ ತೋರಿಸಿದರು. ಅಷ್ಟರಲ್ಲಿ ಹೊರದೇಶಗಳಲ್ಲಿ ಜೌಗುನೆಲದ ಪೀಟ್ ಮಣ್ಣನ್ನು ಅಗೆದು ಕುಂಡಗಳಿಗೆ ತುಂಬುವುದಕ್ಕೆ ವಿರೋಧ ಬಂದು, ಅದರ ಬದಲಿಗೆ ಈ ಹುಡಿ ಆಗುತ್ತದೆ ಎಂದು ಗೊತ್ತಾಯಿತು. ಈಗ ಅದನ್ನು ಒಣಗಿಸಿ, ಒತ್ತಿ, ಐದು ಕಿಲೋದ ಗಟ್ಟಿ, 650 ಗ್ರಾಮಿನ ಇಟ್ಟಿಗೆ ಮಾಡಿ ಹಡಗು ಹತ್ತಿಸುತ್ತಾರೆ. ಎಲ್ಲೋ ಒಂದು ಚಳಿಯ ಊರಿನ ಮಹಡಿಯಲ್ಲಿ ಮೂಲಂಗಿ ಸಸಿ ಬೆಳೆಸುವವರ ತಟ್ಟೆಯಲ್ಲಿರುವ ‘ಮಣ್ಣು’ ಈ ತಾಲೂಕಿನದೇ ಇರಬಹುದು. ಕಾಳು ಬೆಳೆದ ಹೊಲವನ್ನು ತೆಂಗು ತೆಗೆದುಕೊಂಡಿತು. ಈಗ ಕಾಳಿಗೆ ಮೊಳೆಯಲು ಆ ತೆಂಗಿನ ಸಿಪ್ಪೆಯೇ ನೆಲ.

ಆದರೆ ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಲವಣಗಳಿವೆ. ತೊಳೆಯದ ಹುಡಿಯಲ್ಲಿ ಎಳೆಯ ಬೇರು ಕಂದುವುದು ಅದರಿಂದ. ನಮ್ಮ ತಟ್ಟೆಗೆ ಆದದ್ದೂ ಅದೇ. ನಾನು ತಂದದ್ದು ತೊಳೆಯದ ಹುಡಿ, ಕೇಳದೆ ತಂದದ್ದು ನನ್ನ ತಪ್ಪು. ಅಜ್ಜಿಯ ಸಲಹೆಯಂತೆ ಬಕೆಟಿನಲ್ಲಿ ನೆನೆಸಿ ಮೂರು ಸಲ ಹಿಂಡಿದೆವು. ಮೊದಲ ನೀರು ಕಡು ಚಹಾದ ಬಣ್ಣ, ಮೂರನೆಯದು ತಿಳಿ. ಮೊದಲ ನೀರನ್ನು ಕರಿಬೇವಿನ ಬುಡಕ್ಕೆ ಹೊಯ್ಯಲು ಹೊರಟವನನ್ನು ಅಜ್ಜಿ ತಡೆದರು. ಆ ಬಕೆಟ್ ಹಿಡಿದುಕೊಂಡು ಅದನ್ನು ಎಲ್ಲಿ ಚೆಲ್ಲಲಿ ಎಂದು ಒಂದು ನಿಮಿಷ ನಿಂತದ್ದು ಇನ್ನೂ ನೆನಪಿದೆ. ನನ್ನದು ಒಂದು ಬಕೆಟ್. ರಫ್ತಿಗೆ ಲವಣ ಕಡಿಮೆ ಇರುವ ಹುಡಿ ಬೇಕು ಎಂದು ಇಡೀ ಕಣವನ್ನೇ ತೊಳೆಯುವಾಗ ಆ ನೀರು ಹೋಗುವುದು ನೆಲಕ್ಕೆ, ನೆಲದಿಂದ ಬಾವಿಗೆ. ಸುತ್ತಲಿನ ರೈತರು ಈ ಬಗ್ಗೆ ಬಹಳ ಕಾಲ ದೂರಿದರು. 2021ರಲ್ಲಿ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ನಾರಿನ ಉದ್ಯಮವನ್ನು ಮಾಲಿನ್ಯವಿಲ್ಲದ ಬಿಳಿ ವರ್ಗದಿಂದ ತೆಗೆದು ಕಿತ್ತಳೆ ವರ್ಗಕ್ಕೆ ಹಾಕಿತು. ಉದ್ಯಮದವರು ಇದು ಅನ್ಯಾಯ ಎಂದರು. ಎರಡೂ ಕಡೆಯವರ ಜೊತೆ ಚಹಾ ಕುಡಿಯುವವನು ನಾನು. ಬಾವಿಯ ನೀರಿನ ಬಣ್ಣ ತೋರಿಸಿದವರ ಎದುರು ನನ್ನಲ್ಲಿ ಉತ್ತರವಿರಲಿಲ್ಲ.

ತೊಳೆದ ಹುಡಿಯ ಮೇಲೆ ಮೆಂತೆ ಚೆನ್ನಾಗಿ ಬಂತು. ಎರಡು ದಿನ ಮುಚ್ಚಿ, ಆಮೇಲೆ ಕಿಟಕಿಯ ಬಳಿ ಇಟ್ಟು, ಹತ್ತನೆಯ ದಿನ ಕತ್ತರಿಯಲ್ಲಿ ಕತ್ತರಿಸಿ ಉಮ್ಮ ಹಲಸಿನ ಬೀಜ ಹಾಕಿ ಪಲ್ಯ ಮಾಡಿದರು. ತಜಂಕಿನ ರುಚಿ ಅಲ್ಲ, ಹತ್ತಿರದ್ದು ಎಂದರು. ಅಜ್ಜಿಗೂ ಒಂದು ಬಟ್ಟಲು ಹೋಯಿತು. ಮುಳೈಪ್ಪಾರಿಯ ಸಸಿಯನ್ನು ಯಾರೂ ತಿನ್ನುವುದಿಲ್ಲ, ಅದು ದೇವಿಯದು. ಮೊಳಕೆಯ ಸಸಿಯನ್ನು ತಿನ್ನಬಹುದು ಎಂಬುದು ಅವರಿಗೆ ಆ ವಯಸ್ಸಿನಲ್ಲಿ ಹೊಸ ಸುದ್ದಿ.

ತಿನ್ನುವವರ ಚರಿತ್ರೆ ಚಿಕ್ಕದು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೋಟೆಲ್‌ಗಳ ಅಡುಗೆಯವರು ತಟ್ಟೆಯ ಅಂದಕ್ಕೆ ಎಳೆಯ ಸಸಿಗಳನ್ನು ಹಾಕತೊಡಗಿದರು ಎಂದು ಅದರ ಕಥೆ ಶುರುವಾಗುತ್ತದೆ. ಆದರೆ ಮುಂಬಯಿಯಲ್ಲಿ ದುಡಿದ ನಮ್ಮವರು ಸಮುದ್ರ ಮೇಥಿಯನ್ನು ಬಲ್ಲರು. ಕಡಲ ಬದಿಯ ಮರಳಿನಲ್ಲಿ ಬೆಳೆಸಿ, ಬೆರಳುದ್ದ ಇರುವಾಗಲೇ ಬೇರುಸಹಿತ ಕಿತ್ತು ಪುಟ್ಟ ಕಟ್ಟು ಕಟ್ಟಿ ಮಾರುವ ಮೆಂತೆ ಅದು. ಅದಕ್ಕೆ ಯಾರೂ ದೊಡ್ಡ ಹೆಸರು ಇಟ್ಟಿರಲಿಲ್ಲ, ಅಷ್ಟೇ.

2012ರಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಮಾರುಕಟ್ಟೆಯಲ್ಲಿ ಸಿಗುವ 25 ಬಗೆಯ ಸಸಿಗಳ ಜೀವಸತ್ವಗಳನ್ನು ಅಳೆದರು. ಕೆಂಪು ಎಲೆಕೋಸಿನ ಸಸಿಯಲ್ಲಿ ಸಿ ಜೀವಸತ್ವ ಹೆಚ್ಚು. ಮುಂಚೂಣಿಯಲ್ಲಿ ಬಂದ ಉಳಿದವುಗಳಲ್ಲಿ ಕೊತ್ತಂಬರಿ, ಕೆಂಪು ಹರಿವೆ, ಮೂಲಂಗಿ ಇದ್ದವು. ಎಲ್ಲ ನಮ್ಮ ಅಡುಗೆಮನೆಯ ಹೆಸರುಗಳೇ. ಅದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ವಿವರ. ಬಟಾಣಿಯ ಸಸಿಯನ್ನು ಬೆಳಕಿನಲ್ಲೂ ಕತ್ತಲಲ್ಲೂ ಬೆಳೆಸಿದ್ದನ್ನು ಅವರು ಹೋಲಿಸಿದ್ದರು. ಕತ್ತಲಲ್ಲಿ ಬೆಳೆದ ಹೊಂಬಣ್ಣದ ಸಸಿಯಲ್ಲಿ ಜೀವಸತ್ವಗಳು ಬಹಳ ಕಡಿಮೆ. ಬೆಳಕಿಲ್ಲದೆ ಪತ್ರಹರಿತ್ತು ಆಗುವುದಿಲ್ಲ. ಸಸಿ ತನ್ನ ಬೀಜದ ಗಂಟನ್ನೆಲ್ಲ ಖರ್ಚು ಮಾಡಿ ಬೆಳಕು ಹುಡುಕುತ್ತಾ ಉದ್ದಕ್ಕೆ ಹೋಗುತ್ತದೆ. ಮುಳೈಪ್ಪಾರಿಯ ಚೆಂದದ ಹಳದಿ ಅದೇ. ಬೀಜದಲ್ಲಿ ಎಷ್ಟು ಕಸುವಿದೆ ಎಂದು ತಿಳಿಯಲು ಕತ್ತಲು ಸಾಕು, ತಿನ್ನುವುದಕ್ಕೆ ಬೆಳಕು ಬೇಕು. ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಸೋಂಕಿನಿಂದ ಐವತ್ತಕ್ಕೂ ಹೆಚ್ಚು ಜನ ಸತ್ತದ್ದಕ್ಕೆ ಮೂಲ ಮೊಳಕೆ ಮೆಂತೆ ಎಂದು ಗೊತ್ತಾಯಿತು. ಬೆಚ್ಚಗಿನ ತೇವದಲ್ಲಿ ಬೀಜದ ಜೊತೆ ರೋಗಾಣುವೂ ಮೊಳೆಯುತ್ತದೆ. ನಮ್ಮ ಮನೆಯಲ್ಲಿ ಹಸಿಯಾಗಿ ತಿನ್ನುವುದಿಲ್ಲ, ಬಾಣಲೆ ಕಾಣಿಸಿಯೇ ತಿನ್ನುವುದು.

ಆ ವರ್ಷ ಆಡಿ ಹದಿನೆಂಟು ಬಂದದ್ದು ಆಗಸ್ಟ್ 2, ಭಾನುವಾರ. ಹಿಂದಿನ ದಿನ ಬಕ್ರೀದ್, ನಾವು ಮನೆಯಲ್ಲೇ ನಮಾಜ್ ಮಾಡಿದ್ದೆವು. ಆ ತಿಂಗಳುಗಳಲ್ಲಿ ತಮಿಳುನಾಡಿನಲ್ಲಿ ಭಾನುವಾರಗಳಂದು ಪೂರ್ತಿ ಬಂದ್. ಹಾಲು, ಔಷಧ ಬಿಟ್ಟರೆ ಏನೂ ಇಲ್ಲ. ಅಜ್ಜಿ ಮಾತ್ರ ಹತ್ತು ದಿನ ಮೊದಲೇ ಮೂರು ಮಡಕೆ ಇಟ್ಟಿದ್ದರು. ಒಂದರಲ್ಲಿ ಮಗನ ಹೊಲದ ಅಂಚಿನಲ್ಲಿ ಇನ್ನೂ ಉಳಿದಿರುವ ಹುರುಳಿ, ಒಂದರಲ್ಲಿ ಅಂಗಡಿಯ ನವಧಾನ್ಯ, ಇನ್ನೊಂದರಲ್ಲಿ ನಮ್ಮ ಡಬ್ಬದ ಮೆಂತೆ. ನೀರು ಹಾಕುವಾಗ ಉಮ್ಮ ಬಾಗಿಲ ಹೊರಗೆ ಚಾಪೆ ಹಾಕಿ ಕುಳಿತಿರುತ್ತಿದ್ದರು. ನಿಮ್ಮ ಆಡಿಯೇ ನಮ್ಮ ಆಟಿ, ಒಂದೇ ತಿಂಗಳು ಎಂದು ಅವರಿಬ್ಬರಿಗೆ ತಿಳಿದದ್ದು ಆ ಚಾಪೆಯ ಮೇಲೆ. ಇಲ್ಲಿ ಬೀಸುಕಲ್ಲೂ ಹಾರುವಂಥ ಗಾಳಿ, ಅಲ್ಲಿ ಹೊರಗೆ ಕಾಲಿಡಲಾಗದ ಮಳೆ. ಎರಡೂ ಕಡೆ ಸಸಿ ಒಳಗೇ ಇರಬೇಕು ಎಂದು ಉಮ್ಮ ಹೇಳಿದರು.

ಅಮರಾವತಿ ಹೊಳೆಗೆ ಹೋಗುವ ಹಾಗಿರಲಿಲ್ಲ. ಮಧ್ಯಾಹ್ನದವರೆಗೆ ಕಾದು ಅಜ್ಜಿ ಮೂರು ಮಡಕೆಗಳನ್ನೂ ಹಿತ್ತಲಿನ ಬಾವಿಕಟ್ಟೆಗೆ ತಂದರು. ಹುರುಳಿ ಒತ್ತಾಗಿ ಎದ್ದಿತ್ತು. ಮೆಂತೆ ಚೆನ್ನಾಗಿತ್ತು. ಅಂಗಡಿಯ ಮಡಕೆಯಲ್ಲಿ ಉದ್ದು, ಎಳ್ಳು ಕಾಣಲೇ ಇಲ್ಲ. ಬೆರಳಲ್ಲಿ ಕೆದಕಿ ಕೊಳೆತ ಕಾಳು ತೆಗೆದು ನನಗೆ ತೋರಿಸಿದರು. ಆಮೇಲೆ ಒಂದೊಂದಾಗಿ ಸಸಿಯ ಬುಡ ಬಿಡಿಸಿ ಬಾವಿಯ ನೀರಿಗೆ ಇಳಿಬಿಟ್ಟರು. ಕುಮ್ಮಿ ಹೊಡೆಯಲು ಜನವಿರಲಿಲ್ಲ. ಅಜ್ಜಿ ಒಬ್ಬರೇ ಎರಡು ಸಾಲು ಹಾಡಿ ನಿಲ್ಲಿಸಿದರು.

ಉಮ್ಮ ಈಗಿಲ್ಲ. ಅಜ್ಜಿಗೆ ಎಂಬತ್ತು ದಾಟಿದೆ. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಅವರು ಅಂತರಿಕ್ಷ ನಿಲ್ದಾಣದಲ್ಲಿ ಮೆಂತೆ ಮತ್ತು ಹೆಸರು ಮೊಳಕೆ ಬರಿಸಿದ ಸುದ್ದಿ ಬಂತು. ಆ ಪ್ರಯೋಗ ನಮ್ಮ ಧಾರವಾಡದ್ದು. ಕೃಷಿ ವಿಜ್ಞಾನ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ ಅವರು ರೂಪಿಸಿದ್ದು. ಆ ಮೊಳಕೆಗಳನ್ನು ಭೂಮಿಗೆ ತಂದು ಪರೀಕ್ಷಿಸಲೆಂದು ಶೀತಪೆಟ್ಟಿಗೆಯಲ್ಲಿಟ್ಟರು ಎಂದು ಅಜ್ಜಿಗೆ ಓದಿ ಹೇಳಿದೆ. ಆಕಾಶ, ನಿಲ್ದಾಣ ಯಾವುದನ್ನೂ ಅವರು ಕೇಳಲಿಲ್ಲ. “ಎಷ್ಟು ಕಾಳು ಹಾಕಿದರು? ಎಷ್ಟು ಬಂದವು?” ಎಂದರು. ನಾನು ಓದಿದ ಸುದ್ದಿಯಲ್ಲಿ ಆ ಲೆಕ್ಕವಿರಲಿಲ್ಲ.

ಆ ವಾರ ನಮ್ಮ ಹೊಸ ಮೆಂತೆಗೂ ಅವರೇ ಬಟ್ಟೆ ಕಟ್ಟಿದರು. ಇಪ್ಪತ್ತರಲ್ಲಿ ಹದಿನಾರು.